ಗಡಸು ನೀರಿನ ಮನುಷ್ಯ

ನಮ್ಮನೆಯವರಿಗೆ ಈ ಲೋಕದಲ್ಲಿ ಇರುವ ಶತ್ರುಗಳು ಎರಡೇ. ಒಂದು ಕ್ಯಾಲ್ಸಿಯಂ, ಇನ್ನೊಂದು ಮೆಗ್ನೀಷಿಯಂ. ನನ್ನ ತಮ್ಮನೂ ಆ ಪಟ್ಟಿಯಲ್ಲಿದ್ದಾನೆ ಎಂದು ಕೆಲವರು ಹೇಳುವುದುಂಟು. ಆದರೆ ಇವರು ಅವನನ್ನು ಅಷ್ಟು ದೊಡ್ಡ ಮನುಷ್ಯ ಎಂದು ಒಪ್ಪಿಕೊಂಡಿಲ್ಲ.

ಇವರು ಒಂದು ದೊಡ್ಡ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಆಸ್ಪತ್ರೆಗಳ ಹೊದಿಕೆ, ಹೋಟೆಲುಗಳ ಮೇಜುಬಟ್ಟೆ ಎಲ್ಲ ಅಲ್ಲಿಗೇ ಬರುತ್ತವೆ. ಒಗೆಯುವುದಕ್ಕೂ ಒಣಗಿಸುವುದಕ್ಕೂ ಇಸ್ತ್ರಿಗೂ ಬೇಕಾದ ಹಬೆಯೆಲ್ಲ ಇವರ ಬಾಯ್ಲರಿನದು. ಅದರ ಹೊಟ್ಟೆಗೆ ಗಡಸು ನೀರು ಹೋಗಕೂಡದು. ಹೋದರೆ ನೀರಿನಲ್ಲಿರುವ ಆ ಎರಡು ಶತ್ರುಗಳು ಕೊಳವೆಗಳ ಮೈಗೆ ಕಚ್ಚಿಕೊಂಡು ಬೆಳ್ಳಗೆ ಕಲ್ಲುಗಟ್ಟುತ್ತವೆ, ಕಲ್ಲು ಕಟ್ಟಿದ ಬಾಯ್ಲರ್ ಒಂದು ದಿನ ಸಿಡಿಯಲೂಬಹುದು. ಅದಕ್ಕೆ ಇವರು ದಿನಾ ಬೆಳಿಗ್ಗೆ ಪುಟ್ಟ ಗಾಜಿನ ಸೀಸೆಯಲ್ಲಿ ನೀರು ಹಿಡಿದು ಬಣ್ಣದ ಹನಿ ಬಿಡುತ್ತಾರೆ. ನೀಲಿ ಬಂದರೆ ನೀರು ಮೆದು, ಕೆಂಪು ಬಂದರೆ ಗಡಸು. ಕೆಂಪನ್ನು ನೀಲಿಗೆ ತಿರುಗಿಸುವ ಇನ್ನೊಂದು ಹನಿಯೂ ಉಂಟು, ಅದು ಎಷ್ಟು ಹಿಡಿಯುತ್ತದೋ ನೀರು ಅಷ್ಟು ಗಡಸು. ಮದುವೆಯಾದ ಹೊಸದರಲ್ಲಿ ನನಗೆ ಇವರು ಮೊದಲು ತೋರಿಸಿದ್ದು ಸಿನಿಮಾ ಅಲ್ಲ, ಈ ಹನಿ.

ಲಾಂಡ್ರಿಯಲ್ಲಿ ಮಾಡುವುದನ್ನು ಲಾಂಡ್ರಿಯಲ್ಲೇ ಬಿಟ್ಟು ಬಂದಿದ್ದರೆ ನನಗೇನೂ ತಕರಾರಿರಲಿಲ್ಲ. ಮನೆಯ ನಲ್ಲಿಗೂ ನೀರು ಮೆದುಮಾಡುವ ಯಂತ್ರ ಕೂರಿಸಿದರು. ಅದು ಹಾಳಾಗಿ ಹೋಗಲಿ, ನೀರಿನ ಮೇಲಿನ ದ್ವೇಷ ಊಟದ ಮೇಲೂ ಹರಿಯಿತು. ಸಿಪ್ಪೆ, ಹೊಟ್ಟು, ತೌಡು, ಬೀಜ, ಎಲ್ಲವೂ ಇವರ ಕಣ್ಣಿಗೆ ಕೊಳವೆಗೆ ಕಟ್ಟುವ ಕಸ. ಅನ್ನ ಬೆಳ್ಳಗಿರಬೇಕು. ಬ್ರೆಡ್ಡು ಬೆಳ್ಳಗಿರಬೇಕು, ಅದರ ಅಂಚನ್ನೂ ಕತ್ತರಿಸಬೇಕು. ಸೌತೆಕಾಯಿಯ ಸಿಪ್ಪೆ ತೆಗೆದು, ತಿರುಳು ಬಗೆದು, ಉಳಿದ ಒಂದಿಷ್ಟನ್ನು ತಟ್ಟೆಗೆ ಹಾಕಿದರೆ ಆಗ ಮುಖ ಅರಳುತ್ತಿತ್ತು. ಸೊಪ್ಪು ಕಂಡರೆ, "ಇದೇನೇ, ನಾರು ನಾರು!" ಎಂದು ಮೂಗು ಮುರಿಯುತ್ತಿದ್ದರು. ಮೂವತ್ತು ವರ್ಷ ನಾನು ಅಡುಗೆ ಮಾಡಿದ್ದಕ್ಕಿಂತ ಸುಲಿದದ್ದೇ ಹೆಚ್ಚು.

ಈ ಸಲದ ವಾರ್ಷಿಕ ತಪಾಸಣೆಗೆ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ, ಅಲ್ಲಿ ಎಲ್ಲ ಬಯಲಾಯಿತು. ಬಾಯ್ಲರ್ ಪಕ್ಕ ಒಬ್ಬರೇ ನಿಲ್ಲುವವರಿಗೆ ವರ್ಷಕ್ಕೊಮ್ಮೆ ವೈದ್ಯರ ಸಹಿ ಬೇಕು. ಲಾಂಡ್ರಿಯವರನ್ನು ನೋಡಲು ಅಲ್ಲಿಗೆ ಹೊಸದಾಗಿ ಬಂದಿದ್ದ ವೈದ್ಯೆ ಎಷ್ಟು ಚಿಕ್ಕವಳೆಂದರೆ ಎಲ್ಲರೂ ಅವಳನ್ನು ಪುಟ್ಟ ಡಾಕ್ಟರು ಎಂದೇ ಕರೆಯುತ್ತಿದ್ದರು. ಪುಟ್ಟ ಡಾಕ್ಟರು ವರದಿ ನೋಡಿ ಪೆನ್ನು ಕೆಳಗಿಟ್ಟಳು.

"ಸಕ್ಕರೆ ಗಡಿ ಮೇಲೆ ನಿಂತಿದೆ. ಬಿಪಿನೂ ಏರ್ತಿದೆ. ಈಗಲೇ ನಾನು ಸಹಿ ಹಾಕೋಕಾಗಲ್ಲ ಸರ್. ಮೂರು ತಿಂಗಳು ಟೈಮ್ ಕೊಡ್ತೀನಿ. ಅಷ್ಟರಲ್ಲಿ ಇಳೀದಿದ್ರೆ ನಿಮ್ಮನ್ನ ಬಾಯ್ಲರ್‌ನಿಂದ ಬೇರೆ ಕಡೆ ಹಾಕ್ಬೇಕಾಗುತ್ತೆ."

"ಬೇರೆ ಕಡೆ ಅಂದ್ರೆ?" ಇವರ ದನಿಯೇ ಇಳಿದು ಹೋಯಿತು.

"ಕೌಂಟರ್‌ಗೆ. ಬಟ್ಟೆ ತಗೊಳ್ಳೋದು, ಚೀಟಿ ಕೊಡೋದು."

ಇವರ ಮುಖ ನೋಡಬೇಕಿತ್ತು. ಜೈಲಿಗೆ ಎಂದಿದ್ದರೂ ಅಷ್ಟು ಕಂಗಾಲಾಗುತ್ತಿರಲಿಲ್ಲವೇನೋ. ಅಪರಿಚಿತರಿಗೆ ನಗುಮುಖ ತೋರಿಸುವುದು ಇವರಿಗೆ ಹುಟ್ಟಿದಾಗಿನಿಂದ ಬಂದಿಲ್ಲ. ಪರಿಚಿತರಿಗೂ ಅಪರೂಪವೇ.

ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದಾ ಎಂದು ಅವಳು ಕೇಳಿದಳು. ಇವರು ಬಾಯಿ ಬಿಡುವ ಮೊದಲೇ ನಾನು, "ಹಿಡ್ಕೊಳ್ಳುತ್ತೆ ಡಾಕ್ಟ್ರೇ, ಹಿಡ್ಕೊಂಡಾಗ ನನಗೇ ಒದೀತಾರೆ," ಎಂದೆ. ಏನೇನು ತಿನ್ನುತ್ತಾರೆ ಎಂದು ಕೇಳಿದಳು. ಹೇಳಿದೆ. ಪುಟ್ಟ ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡಳು.

"ಅದಕ್ಕೇ ರಕ್ತದಲ್ಲಿ ಮೆಗ್ನೀಷಿಯಂ ಕಮ್ಮಿ ಬಂದಿರೋದು. ನೀವು ಸುಲಿದು ಬಿಸಾಕ್ತಿರೋದ್ರಲ್ಲೇ ಅದು ಇರೋದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡೋಕೆ ಅದು ಬೇಕು. ನರಕ್ಕೆ ಬೇಕು, ಸ್ನಾಯುಗೆ ಬೇಕು, ಹೃದಯದ ಬಡಿತಕ್ಕೂ ಬೇಕು. ಊಟದಲ್ಲಿ ಅದು ಚೆನ್ನಾಗಿರೋರಿಗೆ ಸಕ್ಕರೆ ಕಾಯಿಲೆ, ಬಿಪಿ ಬರೋದು ಕಮ್ಮಿ. ಅದೊಂದರಿಂದಲೇ ಎಲ್ಲ ಸರಿಹೋಗುತ್ತೆ ಅಂತಲ್ಲ. ನಡೀಬೇಕು, ಸಿಹಿ ಬಿಡ್ಬೇಕು. ಆದ್ರೆ ಸೊಪ್ಪು, ಕಾಳು, ಸಿಪ್ಪೆ ಸಮೇತ ಧಾನ್ಯ, ಕಡಲೆಕಾಯಿ, ಕುಂಬಳಕಾಯಿ ಬೀಜ ಶುರು ಮಾಡಿ."

ಇವರು ಎದ್ದು ನಿಂತರು. "ಮೇಡಂ, ಮೆಗ್ನೀಷಿಯಂ ಹೊರಗೆ ಹಾಕೋಕೇ ನನಗೆ ಮೂವತ್ತು ವರ್ಷದಿಂದ ಸಂಬಳ ಕೊಡ್ತಿದಾರೆ. ನೀವು ಒಳಗೆ ಹಾಕು ಅಂತೀರಲ್ಲ. ಕಬ್ಬಿಣದ ಕೊಳವೆನೇ ಕಟ್ಕೊಳ್ಳುತ್ತೆ, ನನ್ನ ನರ ಯಾವ ಲೆಕ್ಕ?"

"ಮನುಷ್ಯ ಬಾಯ್ಲರ್ ಅಲ್ಲ ಸರ್."

"ಬಾಯ್ಲರ್‌ನ ಸರಿಯಾಗಿ ನೋಡಿಲ್ಲ ನೀವು," ಎಂದು ಹೇಳಿ ಇವರು ಹೊರಟೇಬಿಟ್ಟರು. ನಾನು ಹಲ್ಲುಕಿರಿಯುತ್ತಾ ಡಾಕ್ಟರಿಗೆ ಕೈಮುಗಿದು ಹಿಂದೆ ಓಡಿದೆ.

ಮನೆಗೆ ಬಂದು ಬಿಳಿ ಬ್ರೆಡ್ಡಿನ ಅಂಚು ಕತ್ತರಿಸುತ್ತಾ ಕೂತರು. ಕೌಂಟರೂ ಬೇಡ, ಮೆಗ್ನೀಷಿಯಮ್ಮೂ ಬೇಡ ಎಂದರೆ ಹೇಗೆ? ನನ್ನ ಪಿತ್ತ ನೆತ್ತಿಗೇರಿತು. ಬಾಯ್ಲರ್ ಕೈತಪ್ಪಿದರೆ ಈ ಮನುಷ್ಯ ಉಳಿಯುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ರಜೆಯ ದಿನವೂ ಊಟ ಮಾಡಿ, "ಸುಮ್ನೆ ಒಂದ್ ಸಲ ನೋಡ್ಕೊಂಡ್ ಬರ್ತೀನಿ," ಎಂದು ಹೋಗಿ ಬರುವವರು ಇವರು. ಹೇಳಿ ತಿನ್ನಿಸಲು ಆಗದಿದ್ದರೆ ಹೇಳದೇ ತಿನ್ನಿಸುವುದು ಎಂದು ಅಲ್ಲೇ ತೀರ್ಮಾನಿಸಿದೆ.

ಇದಕ್ಕೆ ನನ್ನ ತಮ್ಮ ಕೈಜೋಡಿಸಿದ. ಅವನು ಅದೇ ಲಾಂಡ್ರಿಯ ವ್ಯಾನ್ ಓಡಿಸುತ್ತಾನೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಫೋನಿನಲ್ಲಿ ವೈದ್ಯಕೀಯ ಓದುತ್ತಾನೆ. ಸಿಗ್ನಲ್ ಬಿಟ್ಟ ಮೇಲೆ ಮಿಕ್ಕಿದ್ದನ್ನು ತಾನೇ ಊಹಿಸಿಕೊಳ್ಳುತ್ತಾನೆ.

"ಅಕ್ಕಾ, ಮೆಗ್ನೀಷಿಯಂ ಅಂದ್ರೆ ಏನ್ ಅನ್ಕೊಂಡಿದೀಯ? ಸಕ್ಕರೆ, ಬಿಪಿ, ಮೂಳೆ ಸವೆತ, ನಿದ್ದೆ, ಸಿಟ್ಟು ಎಲ್ಲಕ್ಕೂ ಅದೇ. ಕೂದಲು ಕೂಡ ಬರುತ್ತಂತೆ."

"ಹಾಗಾದ್ರೆ ನೀನೇ ಮೊದ್ಲು ತಿನ್ನು ಕಣೋ," ಎಂದು ಅವನ ಬೋಳುತಲೆ ನೋಡಿ ಹೇಳಿದೆ. ಆದರೂ ಅವನು ತಂದ ಕುಂಬಳಕಾಯಿ ಬೀಜವನ್ನು ಇಟ್ಟುಕೊಂಡೆ.

ನನ್ನ ಉಪಾಯ ಸೂಪು. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬೀಜ ಹುರಿದು ಪುಡಿಮಾಡಿ ಹಾಕಿ, ಎಲ್ಲ ನುಣ್ಣಗೆ ಅರೆದು, ಬಟ್ಟೆಯಲ್ಲಿ ಹಿಂಡಿ, ಮೇಲಿನ ತಿಳಿಯನ್ನು ಬಟ್ಟಲಿಗೆ ಬಗ್ಗಿಸುತ್ತಿದ್ದೆ. ಕೆಳಗೆ ಉಳಿದ ಗಟ್ಟಿಯನ್ನು ಆಲೂಗಡ್ಡೆಯೊಳಗೆ ಸೇರಿಸಿ ಕಲಸಿಬಿಡುತ್ತಿದ್ದೆ. "ಇದೇನು ಬಣ್ಣ?" ಎಂದು ಕೇಳಿದರೆ, "ಹಳೇ ಪಾತ್ರೆ," ಎನ್ನುತ್ತಿದ್ದೆ. ಇವರು ಸದ್ದಿಲ್ಲದೆ ಕುಡಿಯುತ್ತಿದ್ದರು. ರುಚಿಗೆ ಮಾರುಹೋಗಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ಬೀಗಿದೆ. ಕಾಲು ಹಿಡಿದುಕೊಳ್ಳುವುದೂ ಕಡಿಮೆಯಾಯಿತು. ನನಗೆ ಒದೆ ತಪ್ಪಿತು.

ಹೀಗೇ ಒಂದು ತಿಂಗಳು ದಾಟಿತೋ ಇಲ್ಲವೋ, ಒಂದು ಸಂಜೆ ಇವರು ಗಾಜಿನ ಸೀಸೆ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಸೀಸೆಯಲ್ಲಿ ಕೆಂಪಗಿನ ನೀರು.

"ಏನ್ರೀ ಇದು?"

"ನೀನು ಮಧ್ಯಾಹ್ನಕ್ಕೆ ಕಟ್ಟಿಕೊಟ್ಟ ಸೂಪು."

ಈ ಮನುಷ್ಯ ಸೂಪನ್ನು ಬಾಯ್ಲರ್ ಕೋಣೆಗೆ ತೆಗೆದುಕೊಂಡು ಹೋಗಿ, ಸೋಸಿ, ತೆಳ್ಳಗೆ ಮಾಡಿ, ಹನಿ ಬಿಟ್ಟು ನೋಡಿದ್ದಾರೆ! ಯಾವ ಮನೆಯಲ್ಲಾದರೂ ಗಂಡ ಹೆಂಡತಿಯ ಅಡುಗೆಯ ಗಡಸುತನ ಅಳೆದದ್ದು ಕೇಳಿದ್ದೀರಾ?

"ಕೆಂಪು ಅಂದ್ರೆ ಎಂಥಾ ಕೆಂಪು! ಇನ್ನೊಂದು ಸೀಸೇಲಿ ಅದನ್ನ ನೀಲಿಗೆ ತಿರುಗಿಸೋಕೆ ಎಷ್ಟು ಹನಿ ಹಿಡೀತು ಗೊತ್ತಾ? ನಮ್ಮ ಲಾಂಡ್ರಿಯ ಹಳೇ ಬಾವಿ ನೀರೂ ಇಷ್ಟು ಕೆಟ್ಟದಾಗಿರಲಿಲ್ಲ. ಇಂಥದ್ದನ್ನ ಬಾಯ್ಲರ್‌ಗೆ ಹಾಕಿದ್ರೆ ಕೆಲಸದಿಂದ ತೆಗೆದುಹಾಕ್ತಾರೆ. ನೀನು ನನಗೇ ಹಾಕ್ತಿದೀಯ!"

ಅಲ್ಲಿಂದ ಶುರುವಾಯಿತು ನಮ್ಮ ಮನೆಯಲ್ಲಿ ಪ್ರಯೋಗಶಾಲೆ. ಹನಿಯ ಸೀಸೆ ಊಟದ ಮೇಜಿಗೆ ಬಂತು. ಬಾಳೆಹಣ್ಣು ಕಿವುಚಿ ನೋಡಿದರು, ಕೆಂಪು. ಮೊಸರಿನ ತಿಳಿ, ಕೆಂಪು. ಕಡಲೆಕಾಯಿ ನೆನೆಸಿದ ನೀರು, ಕೆಂಪು. ಪಕ್ಕದ ಮನೆಯವರು ಕೊಟ್ಟ ಟೊಮೆಟೊ ಕೂಡ ಬಿಡಲಿಲ್ಲ. ನೀಲಿ ಬಂದದ್ದು ಸಕ್ಕರೆ ನೀರು ಒಂದೇ. "ನೋಡು, ಎಷ್ಟು ಶುದ್ಧ!" ಎಂದು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಸಕ್ಕರೆ ಕಾಯಿಲೆಯ ಅಂಚಿನಲ್ಲಿ ನಿಂತ ಮನುಷ್ಯ ಹೇಳುವ ಮಾತೇ ಇದು?

ಆಗ ನನ್ನ ತಾಳ್ಮೆ ಕಿತ್ತುಹೋಯಿತು.

"ಮನೇಲಿರೋದೆಲ್ಲ ಪರೀಕ್ಷೆ ಮಾಡಿದ್ರಲ್ಲ, ನಿಮ್ಮನ್ನ ಮಾಡ್ಕೊಂಡ್ರಾ? ಆ ಬೆವರು ಬನೀನು ದಿನಾ ಹಿಂಡೋಳು ನಾನು. ಇವತ್ತು ನೀವು ಹಿಂಡಿ. ಬಿಡಿ ಅದಕ್ಕೂ ಒಂದು ಹನಿ. ನಿಮ್ಮೊಳಗೆ ಏನ್ ಹರೀತಿದೆ ಅಂತ ನಾನೂ ನೋಡ್ತೀನಿ."

ಸಿಟ್ಟಿಗೆ ಹೇಳಿದ್ದು. ಇವರು ನಿಜವಾಗಿಯೂ ಬನಿಯನ್ ಬಿಚ್ಚಿದರು. ಬಾಯ್ಲರ್ ಬಾಗಿಲ ಮುಂದೆ ಇಡೀ ದಿನ ನಿಂತು ಬಂದವರ ಬನಿಯನ್, ಹಿಂಡಿದರೆ ಸೀಸೆಯ ತಳ ತುಂಬುವಷ್ಟು ಬೆವರು ಬಿತ್ತು. ಒಂದು ಹನಿ ಬಿಟ್ಟರು. ಕೆಂಪು.

ಇವರು ಸೀಸೆಯನ್ನು ದೀಪಕ್ಕೆ ಹಿಡಿದು ನೋಡಿದರು. ಬನಿಯನ್ ಒಗೆದ ನೀರಿನದಿರಬೇಕು ಎಂದರು. ಒಗೆದದ್ದು ನಿಮ್ಮದೇ ಮೆದು ನೀರಿನಲ್ಲಿ ಎಂದೆ. ಸೋಪಿನದಿರಬೇಕು ಎಂದರು. ಮರುದಿನ ಯಾವ ಬಟ್ಟೆಯನ್ನೂ ನಂಬದೆ ಹಣೆಯ ಬೆವರನ್ನು ನೇರವಾಗಿ ಸೀಸೆಗೇ ಹಿಡಿದರಂತೆ. ಅದೂ ಕೆಂಪು. ಸಂಜೆ ಮನೆಗೆ ಬಂದವರು ಕುರ್ಚಿಯ ಮೇಲೆ ಕುಸಿದರು.

"ನಾನೇ ಗಡಸು ನೀರು ಕಣೇ."

"ಮೂವತ್ತು ವರ್ಷದಿಂದ ನನಗದು ಗೊತ್ತು," ಎಂದೆ.

"ತಮಾಷೆ ಅಲ್ಲ. ನನ್ನೊಳಗೆ ಅದು ಇದ್ದೇ ಇದೆ. ಇದ್ದೂ ಕಟ್ಕೊಂಡಿಲ್ಲ. ಅದರ ಮೇಲೆ ದಿನಾ ಬೆವರಲ್ಲಿ ಅಷ್ಟಿಷ್ಟು ಹೊರಗೆ ಹೋಗ್ತಿದೆ. ನಾನು ವಾಪಸ್ ತುಂಬ್ತಾನೇ ಇಲ್ಲ." ಆಮೇಲೆ, "ಆ ಡಾಕ್ಟರ್ ಹುಡುಗಿ ಹೇಳಿದ್ದು ಸರಿ ಅನ್ಸುತ್ತೆ," ಎಂದರು. ತಪ್ಪನ್ನು ಒಪ್ಪಿಕೊಳ್ಳುವಾಗ ಇವರ ದನಿ ಯಾರಿಗೂ ಕೇಳದಷ್ಟು ಸಣ್ಣದಾಗುತ್ತದೆ, ಆದರೆ ನನ್ನ ಕಿವಿ ಅಂಥ ಹೊತ್ತಿನಲ್ಲಿ ಬಹಳ ಚುರುಕು.

ಇನ್ನು ಇವರನ್ನು ಹಿಡಿಯುವವರಿಲ್ಲ. ಇವರು ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಅಂಚು ಕತ್ತರಿಸದ ಕಂದು ಬ್ರೆಡ್ಡು ಬಂತು. ಸೌತೆಕಾಯಿಯನ್ನು ಸಿಪ್ಪೆ ಬೀಜ ಸಮೇತ ಕರಕರ ಕಡಿದರು. ಟೀಗೆ ಸಕ್ಕರೆ ನಿಂತಿತು. ಸಂಜೆ ನಡೆಯಲು ಹೊರಟರೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು, ನಾನು ಎರಡನೇ ತಿರುವಿಗೇ ಸುಸ್ತಾಗಿ ವಾಪಸಾಗುತ್ತಿದ್ದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕುಂಬಳಕಾಯಿ ಬೀಜ ಹಂಚುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ತಪಾಸಣೆಯ ಹಿಂದಿನ ದಿನ ನನ್ನ ತಮ್ಮ ಒಂದು ಡಬ್ಬಿ ಮಾತ್ರೆ ತಂದುಕೊಟ್ಟ.

"ಭಾವ, ಇದು ಬರೀ ಮೆಗ್ನೀಷಿಯಂ. ಸೊಪ್ಪು ತಿಂದು ಯಾವಾಗ ಏರೋದು? ನಾಳೆ ಪರೀಕ್ಷೆ ಅಲ್ವಾ, ಇವತ್ತೇ ಟ್ಯಾಂಕ್ ಫುಲ್ ಮಾಡ್ಕೊಳ್ಳಿ."

ಜೀವಮಾನದಲ್ಲಿ ಮೊದಲ ಸಲ ಇವರು ನನ್ನ ತಮ್ಮನ ಮಾತು ಕೇಳಿದರು. ಒಂದಲ್ಲ, ಒಂದು ಹಿಡಿ ಮಾತ್ರೆ ನುಂಗಿದರು. ಮರುದಿನ ಬೆಳಿಗ್ಗೆಯಿಂದ ಬಚ್ಚಲುಮನೆಯ ಬಾಗಿಲು ನಮಗೆ ಯಾರಿಗೂ ತೆರೆಯಲಿಲ್ಲ. ಒಳಗಿನಿಂದ, "ತಳದ ವಾಲ್ವ್ ಮುಚ್ಕೋತಾನೇ ಇಲ್ಲ ಕಣೇ!" ಎಂದು ನರಳಿದರು. ಹೇಗೋ ಎಳೆದುಕೊಂಡು ಹೋದರೆ ಆಸ್ಪತ್ರೆಯಲ್ಲೂ ಡಾಕ್ಟರ ಕೋಣೆಗಿಂತ ಹೆಚ್ಚು ಹೊತ್ತು ಪಕ್ಕದ ಕೋಣೆಯಲ್ಲೇ ಕಳೆದರು.

ಪುಟ್ಟ ಡಾಕ್ಟರಿಗೆ ಸಿಟ್ಟು ಬಂದಿತ್ತು. "ಯಾರು ಹೇಳಿದ್ರು ಮಾತ್ರೆ ನುಂಗೋಕೆ? ಊಟದಲ್ಲಿ ಬರೋದು ಬೇರೆ, ಮಾತ್ರೆ ಬೇರೆ. ಜಾಸ್ತಿ ಆದ್ರೆ ಹೊಟ್ಟೆ ಕೆಡುತ್ತೆ. ಕಿಡ್ನಿ ಸರಿಯಿಲ್ಲದೋರು ಹೀಗೆ ಮಾಡಿದ್ರೆ ಜೀವಕ್ಕೇ ಅಪಾಯ. ನೀವು ಪೂರ್ತಿ ಒಣಗಿ ಹೋಗಿದೀರ, ಇವತ್ತಿನ ಬಿಪಿ ನಂಬೋ ಹಾಗಿಲ್ಲ. ಒಂದು ವಾರ ಬಿಟ್ಟು ಬನ್ನಿ. ಅಲ್ಲೀತನಕ ಬಾಯ್ಲರ್ ಹತ್ರ ಹೋಗ್ಬೇಡಿ."

ನಮ್ಮನ್ನು ವ್ಯಾನಿನಲ್ಲಿ ಕರೆತಂದಿದ್ದ ತಮ್ಮ ಅದೇ ಸಮಯಕ್ಕೆ ಟೈರು ನೋಡಲು ಹೊರಗೆ ಹೋದ.

ಹೀಗೆ ಒಂದು ವಾರ ಇವರು ಕೌಂಟರಿನಲ್ಲಿ ಕೂತರು. ಕೂತದ್ದು ಮಾತ್ರ ನಿಜ, ಬಟ್ಟೆ ತೆಗೆದುಕೊಂಡದ್ದು ಕಡಿಮೆ. ಹೋಟೆಲಿನ ಮ್ಯಾನೇಜರ್ ಮೇಜುಬಟ್ಟೆ ತಂದರೆ, "ನಿಮ್ಮಲ್ಲಿ ಬ್ರೆಡ್ಡು ಬಿಳೀದಾ ಕಂದಾ?" ಎಂದು ವಿಚಾರಣೆ. ಒಬ್ಬ ಹೆಂಗಸಿಗೆ, "ಮೀನಖಂಡ ಹಿಡ್ಕೊಳ್ಳುತ್ತಾ?" ಎಂದು ಕೇಳಿ ಉಗಿಸಿಕೊಂಡರು. ಲಾಂಡ್ರಿಯ ಯಜಮಾನಿ ನನಗೇ ಫೋನ್ ಮಾಡಿ, "ಅಮ್ಮಾ, ದಯವಿಟ್ಟು ಇವರನ್ನ ಬೇಗ ಹುಷಾರು ಮಾಡಿ, ಗಿರಾಕಿಗಳು ಉಳೀಬೇಕು," ಎಂದು ಅಂಗಲಾಚಿದಳು. ನಾನು ನಕ್ಕೂ ನಕ್ಕೂ ಸುಸ್ತಾದೆ.

ಆದರೆ ಅವತ್ತು ಸಂಜೆ ಇವರು ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಾಗ ನನ್ನ ನಗು ನಿಂತಿತು.

"ಗೋಡೆ ಆಚೆ ಬಾಯ್ಲರ್ ಸದ್ದು ಮಾಡ್ತಿರುತ್ತೆ ಕಣೇ. ನನ್ನ ಜಾಗಕ್ಕೆ ಬಂದಿರೋ ಹೊಸಬ ನೀರು ತಡವಾಗಿ ಬಿಡ್ತಾನೆ. ನನಗೆ ಕೇಳಿಸುತ್ತೆ, ಎದ್ದು ಹೋಗೋ ಹಾಗಿಲ್ಲ. ಇನ್ನು ಹೀಗೇ ಅಂದ್ರೆ ನನ್ನ ಕೈಲಾಗಲ್ಲ."

ಇವರ ಕಣ್ಣು ತುಂಬಿತ್ತು. ನಾನು ಸೂಪು ಬಿಸಿಮಾಡಿ ಕೊಟ್ಟೆ. ಕುಡಿದರು.

ವಾರ ಕಳೆದು ಮತ್ತೆ ಆಸ್ಪತ್ರೆಗೆ ಹೋದೆವು. ರಕ್ತ ಕೊಟ್ಟು, ಬಿಪಿ ತೋರಿಸಿ, ವರದಿಗಾಗಿ ಬೆಂಚಿನ ಮೇಲೆ ಕಾದೆವು. ಇವರು ನನ್ನ ಕೈ ಹಿಡಿದುಕೊಂಡಿದ್ದರು. ಮದುವೆಯ ಫೋಟೋದಲ್ಲೂ ಹಿಡಿದಿರಲಿಲ್ಲ ಈ ಮನುಷ್ಯ. ಕೊನೆಗೆ ಒಳಗೆ ಕರೆದರು. ಪುಟ್ಟ ಡಾಕ್ಟರು ಹಾಳೆ ತಿರುವಿ ತಿರುವಿ ನೋಡಿದಳು, ಮುಖ ಅರಳಿತು.

"ಸಕ್ಕರೆ ಇಳಿದಿದೆ. ಬಿಪಿ ಇಳಿದಿದೆ. ಮೆಗ್ನೀಷಿಯಂ ಸರಿಯಾಗಿದೆ. ನೀವು ಬಾಯ್ಲರ್‌ಗೆ ಹೋಗ್ಬಹುದು ಸರ್."

"ಎಲ್ಲಾ ಮೆಗ್ನೀಷಿಯಂ ಮಹಿಮೆ," ಎಂದರು ಇವರು, ತಾವೇ ಅದನ್ನು ಕಂಡುಹಿಡಿದವರ ಹಾಗೆ.

"ಅದೂ ಸೇರಿದೆ. ಬಿಳಿ ಬ್ರೆಡ್ಡು ಬಿಟ್ಟಿದ್ದು, ಸಕ್ಕರೆ ಬಿಟ್ಟಿದ್ದು, ನಡೆದದ್ದು ಎಲ್ಲಾ ಸೇರಿದೆ." ಅವಳು ಪೆನ್ನು ತೆಗೆದಳು. ಮೂರು ತಿಂಗಳಿಂದ ನಾವು ಕಾಯುತ್ತಿದ್ದ ಸಹಿ ಅದು. ಪೆನ್ನು ಹಾಳೆಗೆ ತಾಗುವುದರಲ್ಲಿತ್ತು.

"ತಾಳಿ ಮೇಡಂ," ಎಂದರು ಇವರು. "ಮೊದ್ಲು ಇವಳದ್ದು ನೋಡಿ."

"ನಂದಾ? ನಂದೇನ್ರೀ ನೋಡೋದು?" ಎಂದೆ.

"ಮನೇಲಿ ಉಳಿದ ಬಿಳಿ ಬ್ರೆಡ್ಡೆಲ್ಲ ಯಾರು ತಿಂದಿದ್ದು? ಬಿಳಿ ಅಕ್ಕಿ ಮೂಟೆ ಯಾರು ಖಾಲಿ ಮಾಡ್ತಿರೋದು? ನನ್ನ ಪಾಲಿನ ಸಕ್ಕರೆನೂ ತನ್ನ ಟೀಗೆ ಹಾಕ್ಕೋತಾಳೆ ಮೇಡಂ, ದಂಡ ಆಗುತ್ತಲ್ಲಾ ಅಂತ. ಸೂಪು ಒಂದು ದಿನಾನೂ ಬಾಯಿಗಿಟ್ಟಿಲ್ಲ. ಎರಡನೇ ತಿರುವಿಗೆ ಏದುಸಿರು ಬಿಡ್ತಾಳೆ. ನಾನು ನೋಡ್ತಾನೇ ಇದೀನಿ. ಇವಳದ್ದು ಗೊತ್ತಾಗೋತನಕ ನನಗೆ ಆ ಸಹಿ ಬೇಡ."

ಅಷ್ಟೊಂದು ಬ್ರೆಡ್ಡನ್ನು ಯಾರಾದರೂ ಬಿಸಾಡುತ್ತಾರೆಯೇ? ಇದನ್ನೆಲ್ಲ ಇವರು ಯಾವಾಗ ನೋಡಿದರು? ಬಾಯ್ಲರಿನ ಒತ್ತಡ ತೋರಿಸುವ ಮುಳ್ಳಿನಂಥದ್ದು ಏನಾದರೂ ಇದ್ದರೆ ಮಾತ್ರ ಈ ಮನುಷ್ಯನ ಕಣ್ಣಿಗೆ ಬೀಳುತ್ತದೆ, ನಾನು ಬೀಳುವುದಿಲ್ಲ ಎಂದುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ್ದೆ.

ಬೆರಳಿಗೆ ಸೂಜಿ ಚುಚ್ಚಿದರು. ಪುಟ್ಟ ಡಾಕ್ಟರು ಯಂತ್ರ ನೋಡಿದಳು, ನನ್ನನ್ನು ನೋಡಿದಳು. ಬೆಳಿಗ್ಗೆಯಿಂದ ಕಾಫಿಯನ್ನೂ ಕುಡಿದಿಲ್ಲ ತಾನೇ ಎಂದು ಕೇಳಿ ಖಚಿತ ಮಾಡಿಕೊಂಡಳು. ಇವರ ಪರೀಕ್ಷೆಯ ಗಾಬರಿಯಲ್ಲಿ ನನಗೆ ಗುಟುಕು ನೀರೂ ಇಳಿದಿರಲಿಲ್ಲ.

"ಅಮ್ಮಾ, ನೀವೀಗ ಗಡಿ ಮೇಲೆ ನಿಂತಿದೀರ. ಅವರು ಮೂರು ತಿಂಗಳ ಹಿಂದೆ ನಿಂತಿದ್ದ ಜಾಗದಲ್ಲೇ. ಇನ್ನೂ ಕೆಲವು ಪರೀಕ್ಷೆ ಮಾಡೋಣ. ಹೆದರ್ಬೇಡಿ, ಈಗ ಗೊತ್ತಾಗಿದ್ದು ಒಳ್ಳೇದಾಯ್ತು."

ನನಗೆ ಅಳು ಬಂತು. ಕಾಯಿಲೆಗೆ ಹೆದರಿ ಅಲ್ಲ. ಅಲ್ಲ, ಸ್ವಲ್ಪ ಅದಕ್ಕೂ ಇರಬಹುದು. ಇವರು ನನ್ನ ಕುರ್ಚಿಯ ಹಿಂದೆ ಬಂದು ನಿಂತು, "ಮೂರು ತಿಂಗಳು ಕೊಡಿ ಮೇಡಂ. ಇವಳ ಊಟ ಇನ್ನು ನನ್ನ ಜವಾಬ್ದಾರಿ," ಎಂದರು. ಆಮೇಲೆಯೇ ತಮ್ಮದೇ ಹಾಳೆಗೆ ಸಹಿ ಹಾಕಿಸಿಕೊಂಡರು, ಓದದೆ ಮಡಿಚಿ ಜೇಬಿಗೆ ಹಾಕಿದರು.

ಹೊರಗೆ ಬಂದ ಮೇಲೆ ನನ್ನ ಸಿಟ್ಟೆಲ್ಲ ವಾಪಸು ಬಂತು. "ಹಾಗಾದ್ರೆ ನಾಳೆಯಿಂದ ಆ ಹಸಿರು ಸೂಪನ್ನ ನಾನೂ ಕುಡೀಬೇಕಾ? ವಾಸನೆ ನೋಡಿದ್ರೇ ನನಗೆ ಆಗಲ್ಲ."

"ಕುಡಿಯೋಕೆ ಇನ್ನೂ ಕಷ್ಟ," ಎಂದರು ಇವರು.

ನಾನು ನಿಂತೇಬಿಟ್ಟೆ. "ಚೆನ್ನಾಗಿರ್ಲಿಲ್ವಾ? ಮತ್ತೆ ಅಷ್ಟು ದಿನ ತುಟಿ ಪಿಟಕ್ಕೆನ್ನದೆ ಕುಡಿದ್ರಲ್ಲ?"

"ನೀನು ಕೊಟ್ಟೆ, ಕುಡಿದೆ. ನಾನು ಕೊಟ್ರೆ ನೀನು ಕುಡಿಯಲ್ವಾ?"

ಕುಡೀತೀನಿ ಎಂದೆ.